ಹರಿಹರದಿಂದ ಶೆಟ್ಟಿಹಳ್ಳಿಗೆ: ಸಣ್ಣ ಊರಿನ ಚರ್ಚುಗಳ ಗಾರೆ, ಕಮಾನು, ಜಾತ್ರೆ

ದಾವಣಗೆರೆಯ ದೇವರಾಜ ಅರಸು ಬಡಾವಣೆ ಹೊಸ ಕಾಲದ ನೆರೆಹೊರೆ. ಸುಣ್ಣದ ಗಾರೆಯ ಕಾಲ ಮುಗಿದು, ಸಿಮೆಂಟು-ಕಬ್ಬಿಣದ ಕಾಲ ಬಂದ ಮೇಲೆ ಎದ್ದ ಬೀದಿಗಳಿವು. ಅಲ್ಲಿಂದ ಸುಮಾರು 14 ಕಿಲೊಮೀಟರ್ ಹೋದರೆ ಹರಿಹರ. ಅಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ಗುಡಿ ಇದೆ. ಒಂದೇ ಮೂರ್ತಿಯಲ್ಲಿ ಹರಿಯೂ ಹರನೂ ನಿಂತಿರುವ ಅದೇ ಊರಿನಲ್ಲಿ ಪ್ರತಿ ಸೆಪ್ಟೆಂಬರ್ 8ರಂದು ಇನ್ನೊಂದು ಜನಜಾತ್ರೆ ನೆರೆಯುತ್ತದೆ. ಅದು ಇಲ್ಲಿನ ಚರ್ಚಿನಲ್ಲಿ ನಡೆಯುವ ಆರೋಗ್ಯ ಮಾತೆ ಮರಿಯಮ್ಮನ ಹಬ್ಬ.

ಹಬ್ಬಕ್ಕೆ ಮೊದಲು ಒಂಬತ್ತು ದಿನ ನವೇನ ಎಂಬ ಪ್ರಾರ್ಥನೆ. ಬಲಿಪೂಜೆ ಕನ್ನಡದಲ್ಲಿ, ಹರಕೆ ಎಲ್ಲ ಜಾತಿ ಮತದವರದು. ಮೇಣದಬತ್ತಿ ಹಿಡಿದು ಸಾಲಿನಲ್ಲಿ ನಿಂತವರಲ್ಲಿ ಕ್ರೈಸ್ತರೆಷ್ಟು, ಅಲ್ಲದವರೆಷ್ಟು ಎಂದು ಯಾರೂ ಕೇಳುವುದಿಲ್ಲ. ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರಿದ ಈ ಚರ್ಚಿಗೆ ಪೋಪ್ ಫ್ರಾನ್ಸಿಸ್ ಅವರ ಕಾಲದಲ್ಲಿ ‘ಬಸಿಲಿಕ’ ಎಂಬ ಗೌರವ ಬಂತು. ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಚರ್ಚಿಗೆ 1973ರಲ್ಲಿ, ಕಾರ್ಕಳ ಬಳಿಯ ಅತ್ತೂರಿಗೆ 2016ರಲ್ಲಿ, ಮೈಸೂರು ಸೀಮೆಯ ಡೋರ್ನಹಳ್ಳಿಗೆ 2019ರಲ್ಲಿ ಸಿಕ್ಕ ಗೌರವವೇ ಇದು. ಈ ಸಾಲನ್ನು ಮತ್ತೊಮ್ಮೆ ನೋಡಿ. ರಾಜಧಾನಿಯ ಒಂದನ್ನು ಬಿಟ್ಟರೆ ಅತ್ತೂರು, ಡೋರ್ನಹಳ್ಳಿ, ಹರಿಹರ ಮೂರೂ ಸಣ್ಣ ಊರುಗಳೇ. ಈ ಊರುಗಳ ಚರ್ಚುಗಳನ್ನು ದೊಡ್ಡವು ಮಾಡಿದ್ದು ವರ್ಷವರ್ಷವೂ ಹರಕೆ ಹೊತ್ತು ಬರುವ ಜನ.

ಅರೆತೆರೆದ ಛತ್ರಿ

ಬಸಿಲಿಕ ಎನಿಸಿಕೊಂಡ ಚರ್ಚಿನೊಳಗೆ ಎರಡು ವಸ್ತುಗಳು ಕಾಣಸಿಗುತ್ತವೆ. ಒಂದು, ಕೆಂಪು-ಹಳದಿ ಪಟ್ಟೆಗಳ ರೇಷ್ಮೆ ಛತ್ರಿ. ಅದನ್ನು ಪೂರ್ತಿ ಬಿಚ್ಚದೆ ಅರೆತೆರೆದು ನಿಲ್ಲಿಸಿರುತ್ತಾರೆ. ಪೋಪ್ ಬರುವ ದಿನಕ್ಕೆ ಚರ್ಚು ಸಿದ್ಧವಾಗಿದೆ ಎಂಬ ಸೂಚನೆ ಅದು. ಇನ್ನೊಂದು, ಕೋಲಿನ ತುದಿಯ ಚೌಕಟ್ಟಿನಲ್ಲಿ ತೂಗುವ ಪುಟ್ಟ ಗಂಟೆ. ಮೆರವಣಿಗೆಯಲ್ಲಿ ಅದು ಮುಂದೆ ಹೋಗುತ್ತದೆ. ಎರಡೂ ರೋಮಿನ ಸಂಪ್ರದಾಯದಿಂದ ಬಂದವು. ಆದರೆ ಛತ್ರಿ ಚಾಮರಗಳಿಲ್ಲದ ಉತ್ಸವವನ್ನೇ ಕಾಣದ ಕನ್ನಡ ನಾಡಿನ ಕಣ್ಣಿಗೆ ಅವು ಪರಕೀಯ ಎನಿಸುವುದಿಲ್ಲ.

ಆರೋಗ್ಯ ಮಾತೆಯ ಭಕ್ತಿಯ ದೊಡ್ಡ ನೆಲೆ ತಮಿಳುನಾಡಿನ ಕಡಲತೀರದ ವೇಳಾಂಗಣಿ. ಅಲ್ಲಿ ಸೀರೆ ಉಟ್ಟ ಮಾತೆ, ಆಗಸ್ಟ್ 29ರ ಧ್ವಜಾರೋಹಣ, ಸೆಪ್ಟೆಂಬರ್ 8ರ ಹಬ್ಬ. ಶಿವಾಜಿನಗರದಲ್ಲಿಯೂ ಅದೇ ದಿನ ಸೀರೆ ಉಟ್ಟ ಮಾತೆಯ ತೇರು ಸಾಗುತ್ತದೆ. ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಅದು ಹೊಸ ತೆನೆ ಊಟದ ‘ಮೊಂತಿ ಫೆಸ್ತ್’. ಒಂದೇ ದಿನವನ್ನು ಮೂರು ಸೀಮೆಗಳು ತಮ್ಮ ತಮ್ಮ ಬದುಕಿಗೆ ಒಗ್ಗಿಸಿಕೊಂಡಿವೆ. ಹರಿಹರದಲ್ಲಿ ಅದಕ್ಕೆ ಬಯಲುಸೀಮೆಯ ಜಾತ್ರೆಯ ಕಳೆ ಬಂದಿದೆ.

ಹೊಳೆಯ ಆಚೆ, ಈಚೆ

ಹರಿಹರ ಬಹುಕಾಲ ಗಡಿಯ ಊರು. ತುಂಗಭದ್ರೆಯ ಈ ದಡ ಮೈಸೂರು ಸಂಸ್ಥಾನ. ಆ ದಡದ ರಾಣೆಬೆನ್ನೂರು ಸೀಮೆ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. 1865ರವರೆಗೆ ಊರಿನ ಪಕ್ಕದಲ್ಲಿ ಸೈನ್ಯದ ದಂಡು ಬೀಡುಬಿಟ್ಟಿತ್ತು. 1868ರಲ್ಲಿ ಹೊಳೆಗೆ ಕಲ್ಲು-ಇಟ್ಟಿಗೆಯ ಸೇತುವೆ ಮುಗಿದು ಬೆಂಗಳೂರು-ಧಾರವಾಡದ ಹೆದ್ದಾರಿ ಒಂದಾಯಿತು. ಆಮೇಲೆ ರೈಲು ಬಂತು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂತು. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳ ಸೈರನ್ನು ಕೂಗತೊಡಗಿತು. ಇಂಥ ಊರುಗಳಿಗೆ ನಾನಾ ಸೀಮೆಯ ಕೂಲಿ, ಕುಶಲಕರ್ಮಿ, ಗುಮಾಸ್ತರು ಬಂದು ನೆಲೆಸುವಾಗ ಅವರ ದೇವರೂ ಜೊತೆಗೆ ಬರುವುದು ಲೋಕರೂಢಿ. ಕೋಲಾರದ ಚಿನ್ನದ ಗಣಿಯ ಕಾಲೊನಿಗಳಲ್ಲಿ ಚರ್ಚುಗಳು ಎದ್ದದ್ದು ಹೀಗೆಯೇ.

ಗಡಿಯ ಎರಡು ಬದಿಗೆ ಎರಡು ಬಗೆಯ ಮಿಷನ್ನುಗಳು ಕೆಲಸ ಮಾಡಿದವು. ಉತ್ತರದಲ್ಲಿ ಪ್ರಾಟೆಸ್ಟಂಟರ ಬಾಸೆಲ್ ಮಿಷನ್: 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ. ಅವರ ಪ್ರಾರ್ಥನಾಲಯಗಳು ಸರಳ: ಉದ್ದನೆಯ ಹಜಾರ, ಇಳಿಜಾರು ಹಂಚಿನ ಮಾಡು, ಪ್ರತಿಮೆಗಳಿಲ್ಲದ ಬಿಳಿ ಗೋಡೆ, ಎಲ್ಲರಿಗೂ ಕಾಣುವಂತೆ ಬೋಧನೆಯ ಪೀಠ. ಕಿವಿಗೆ ದೇವರ ವಾಕ್ಯ ಬೀಳಬೇಕು ಎಂಬುದೇ ಆ ಕಟ್ಟಡದ ಗುರಿ. ಇದೇ ಮಿಷನ್ನು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರುಮಾಡಿದ ಹಂಚಿನ ಕಾರ್ಖಾನೆ ಮುಂದೆ ಮಸೀದಿ, ಗುಡಿ, ಶಾಲೆ, ರೈಲು ನಿಲ್ದಾಣ ಎನ್ನದೆ ನಾಡಿನ ಮಾಡುಗಳನ್ನೆಲ್ಲ ಕೆಂಪಾಗಿಸಿತು.

ದಕ್ಷಿಣದ ಕಥೋಲಿಕ ಕಥೆ ಇನ್ನೂ ಹಳೆಯದು. ಜೆಸ್ವಿತ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ 17ನೇ ಶತಮಾನದ ಮಧ್ಯದಲ್ಲೇ ಶ್ರೀರಂಗಪಟ್ಟಣಕ್ಕೆ ಬಂದಿದ್ದರು. 1773ರಲ್ಲಿ ಜೆಸ್ವಿತ್ ಸಂಘವನ್ನೇ ಪೋಪ್ ವಿಸರ್ಜಿಸಿದ ಮೇಲೆ ಮೈಸೂರಿನ ಹೊಣೆ ಪ್ಯಾರಿಸ್ಸಿನ ಫ್ರೆಂಚ್ ಮಿಷನರಿಗಳಿಗೆ ಬಂತು. ಸಂಸ್ಥಾನದ ಹಳ್ಳಿಗಳಲ್ಲಿ 19ನೇ ಶತಮಾನದಲ್ಲಿ ಎದ್ದ ಚೂಪು ಕಮಾನುಗಳ ಚರ್ಚುಗಳ ಹಿಂದೆ ಇವರ ಕೈ ಇದೆ. ಇವರಿಗೂ ಮೊದಲೇ, ಅತ್ತ ರಾಯಚೂರಿನ ಮುದಗಲ್ಲಿನಲ್ಲಿ ಬಿಜಾಪುರದ ಆದಿಲ್‌ಶಾಹಿ ದೊರೆಗಳ ಇನಾಮಿನ ನೆರಳಲ್ಲಿ 16ನೇ ಶತಮಾನದಷ್ಟು ಹಳೆಯ ಕ್ರೈಸ್ತ ಕೇರಿ ಬೆಳೆದಿತ್ತು. ಇತ್ತ ಕೊಡಗಿನ ವಿರಾಜಪೇಟೆಯಲ್ಲಿ ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ದೊಡ್ಡ ವೀರರಾಜೇಂದ್ರ ನೆಲೆ ಕೊಟ್ಟ. ಅಲ್ಲಿನ ಸಂತ ಅನ್ನಮ್ಮ ಚರ್ಚಿನ ಮೂಲ 1792ರದು. ಚರ್ಚು ಎಂದರೆ ಬ್ರಿಟಿಷರ ಬಳುವಳಿ ಎನ್ನುವವರು ಈ ಎರಡು ಊರುಗಳನ್ನು ನೋಡಬೇಕು. ಒಂದಕ್ಕೆ ಮುಸಲ್ಮಾನ ಸುಲ್ತಾನನ ದಾನ, ಇನ್ನೊಂದಕ್ಕೆ ಲಿಂಗಾಯತ ಅರಸನ ದಾನ.

ಬಿದ್ದ ಗಾರೆ ಹೇಳುವ ಪಾಠ

ಹಳೆಯ ಚರ್ಚನ್ನು ಹೇಗೆ ಕಟ್ಟುತ್ತಿದ್ದರು ಎಂದು ತಿಳಿಯಲು ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ರೋಸರಿ ಚರ್ಚು ಅಲ್ಲಿದೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಎದ್ದಾಗ ಊರು ಎದ್ದುಹೋಯಿತು, ಚರ್ಚು ಉಳಿಯಿತು. ಮಳೆಗಾಲದಲ್ಲಿ ಹಿನ್ನೀರು ಗೋಡೆಗಳ ನಡುಮಟ್ಟಕ್ಕೆ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಮಾಡು ಹೋಗಿದೆ, ಗಾರೆ ಉದುರಿದೆ, ಗೋಡೆಯ ಕೆಲವು ಭಾಗ ಕುಸಿದಿದೆ.

ಉದುರಿದ್ದರಿಂದಲೇ ಒಳಗುಟ್ಟು ಕಾಣುತ್ತದೆ. ದೂರದಿಂದ ಕಲ್ಲಿನಂತೆ ಕಾಣುವ ಕಂಬದ ತಿರುಳು ಇಟ್ಟಿಗೆ. ಕಮಾನಿನಲ್ಲಿ ಆ ಇಟ್ಟಿಗೆಗಳು ಅಡ್ಡ ಮಲಗಿಲ್ಲ. ಬೀಸಣಿಗೆಯಂತೆ ಅಂಚು ಮೇಲಾಗಿ ನಿಂತಿವೆ. ಮೇಲಿನ ಭಾರ ಬಿದ್ದಷ್ಟೂ ಒಂದನ್ನೊಂದು ಒತ್ತಿ ಹಿಡಿಯುತ್ತವೆ. ತುದಿ ಚೂಪಾದ ಕಮಾನು ಅರ್ಧವೃತ್ತದ ಕಮಾನಿಗಿಂತ ಕಡಿದಾಗಿ ಭಾರವನ್ನು ಕೆಳಗೆ ಇಳಿಸುತ್ತದೆ, ಪಕ್ಕಕ್ಕೆ ಕಡಿಮೆ ತಳ್ಳುತ್ತದೆ. ಉಳಿದ ಆ ತಳ್ಳುವಿಕೆಯನ್ನು ತಡೆಯಲು ಹೊರಗೋಡೆಗೆ ಆಸರೆ ಗೋಡೆಗಳು ಬೆನ್ನು ಕೊಟ್ಟಿರುತ್ತವೆ. ನಡು ಅಂಕಣ ಎತ್ತರ, ಪಕ್ಕದ ಅಂಕಣಗಳು ತಗ್ಗು. ಯುರೋಪಿನ ಗಾಥಿಕ್ ಚರ್ಚಿನ ವ್ಯಾಕರಣ ಇದು. ಅದನ್ನು ಕಟ್ಟಿದ್ದು ನಮ್ಮ ಸೀಮೆಯ ಗಾರೆ ಕೆಲಸದವರು, ನಮ್ಮ ಗೂಡಿನಲ್ಲಿ ಸುಟ್ಟ ಇಟ್ಟಿಗೆಯಿಂದ, ನಮ್ಮ ಸುಣ್ಣದಿಂದ. ಚರಿತ್ರೆಯಲ್ಲಿ ಪಾದ್ರಿಗಳ ಹೆಸರು ಉಳಿದಿದೆ, ಈ ಕೆಲಸಗಾರರ ಹೆಸರು ಉಳಿದಿಲ್ಲ. ಅವರ ಸಹಿ ಎಂದರೆ ಈ ಕಮಾನುಗಳೇ.

ಯುರೋಪಿನಲ್ಲಿ ಕಡಿದಾದ ಮಾಡು ಹಿಮ ಜಾರಲು ನೆರವಾಯಿತು. ಇಲ್ಲಿ ಹಿಮವಿಲ್ಲ, ಬಿಸಿಲಿದೆ. ಎತ್ತರದ ಮಾಡಿನ ಕೆಳಗೆ ಬಿಸಿಗಾಳಿ ಮೇಲೇರಿ ಗವಾಕ್ಷಿಗಳಿಂದ, ಹಂಚಿನ ಸಂದುಗಳಿಂದ ಹೊರಹೋಗುತ್ತದೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲೂ ಹಳೆಯ ಚರ್ಚಿನ ಒಳಗೆ ತಂಪಾಗಿರುವುದರ ಗುಟ್ಟು ಇದೇ. ದೂರದ ನಾಡಿನ ಆಕಾರ ಇಲ್ಲಿನ ಹವೆಗೆ ಹೀಗೆ ಹೊಂದಿಕೊಂಡಿತು.

ಒಳಗಿನ ಬದಲಾವಣೆಯೂ ಗೋಡೆಯಷ್ಟೇ ಮಾತಾಡುತ್ತದೆ. ಎರಡನೇ ವ್ಯಾಟಿಕನ್ ಮಹಾಸಭೆ (1962-65) ಆಗುವವರೆಗೆ ಬಲಿಪೂಜೆ ಲ್ಯಾಟಿನ್ನಿನಲ್ಲಿ ನಡೆಯುತ್ತಿತ್ತು. ಬಲಿಪೀಠ ಹಿಂಗೋಡೆಗೆ ಒರಗಿತ್ತು, ಗುರುಗಳು ಜನರಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದರು. ಸಭೆಯ ನಂತರ ಕನ್ನಡ ಒಳಗೆ ಬಂತು, ಗುರುಗಳು ಜನರ ಕಡೆ ತಿರುಗಿದರು. ಹಳೆಯ ಚರ್ಚಿನಲ್ಲಿ ಹಿಂದೆ ಕೆತ್ತನೆಯ ಎತ್ತರದ ಪೀಠ, ಅದರ ಮುಂದೆ ಸರಳವಾದ ಮೇಜು ಕಂಡರೆ ಆ ಎರಡು ಕಾಲಗಳ ನಡುವಿನ ಅಂತರವನ್ನು ಹೆಜ್ಜೆಯಿಂದ ಅಳೆಯಬಹುದು.

ಸುತ್ತಿಗೆ ಬೀಳುವ ಮೊದಲು

ಭಕ್ತರು ಹೆಚ್ಚಿದಂತೆ ಜಾಗ ಸಾಲುವುದಿಲ್ಲ. ಆಗ ಹಳೆಯದನ್ನು ಕೆಡವಿ ದೊಡ್ಡದು ಕಟ್ಟುವ ಮಾತು ಬರುತ್ತದೆ. ಗುಡಿ, ದರ್ಗಾ, ಮಠಗಳಲ್ಲೂ ಇದೇ ಒತ್ತಡ. ಜೀವಂತ ಚರ್ಚು ಬೆಳೆಯುವುದನ್ನು ಬೇಡ ಎನ್ನಲಾಗದು. ಶಿವಾಜಿನಗರದ ಬಸಿಲಿಕವೇ ಹುಲ್ಲಿನ ಗುಡಿಯಿಂದ ಬೆಳೆದು 1882ರಲ್ಲಿ ಈಗಿನ ಗಾಥಿಕ್ ರೂಪ ಪಡೆಯಿತು. ಆದರೆ ಬೆಳೆಯಲು ಹಳೆಯದು ಅಳಿಯಲೇಬೇಕು ಎಂಬ ನಿಯಮವಿಲ್ಲ. ಪಕ್ಕದಲ್ಲಿ ಹೊಸ ಹಜಾರ ಕಟ್ಟಿ, ಹಳೆಯದನ್ನು ಆರಾಧನೆಗೋ ಗ್ರಂಥಾಲಯಕ್ಕೋ ಉಳಿಸಿಕೊಳ್ಳಬಹುದು.

ಕೆಡವುವಷ್ಟೇ ಹಾನಿ ಮಾಡುವ ಇನ್ನೊಂದು ಕೆಲಸವಿದೆ. ಅದು ಒಳ್ಳೆಯ ಮನಸ್ಸಿನಿಂದ ನಡೆಯುವ ತಪ್ಪು ದುರಸ್ತಿ. ಸುಣ್ಣದ ಗೋಡೆ ನೀರನ್ನು ಹೀರಿ ಮತ್ತೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಗಾರೆ ಬಳಿದು ಪ್ಲಾಸ್ಟಿಕ್ ಬಣ್ಣ ಹೊಡೆದರೆ ತೇವ ಒಳಗೇ ಸಿಕ್ಕಿಹಾಕಿಕೊಂಡು ಇಟ್ಟಿಗೆಯನ್ನು ಪುಡಿಮಾಡುತ್ತದೆ. ಹೊರಗೆ ಹೊಳಪು, ಒಳಗೆ ಸವಕಲು. ಸುಣ್ಣಕ್ಕೆ ಸುಣ್ಣದ ದುರಸ್ತಿಯೇ ಆಗಬೇಕು. ಆ ಕೆಲಸ ಬಲ್ಲ ಹಿರಿಯ ಗಾರೆಯವರು ಕಡಿಮೆಯಾಗುತ್ತಿದ್ದಾರೆ. ಅವರಿಂದ ಹೊಸಬರು ಕಲಿಯದಿದ್ದರೆ ದುಡ್ಡಿದ್ದರೂ ದುರಸ್ತಿ ಸಾಧ್ಯವಾಗದು.

ಕಾಗದಗಳ ಮಾತೂ ಇದೇ. ಜ್ಞಾನಸ್ನಾನ, ಮದುವೆ, ಮರಣಗಳನ್ನು ಬರೆದಿಡುವ ಧರ್ಮಕೇಂದ್ರದ, ಅಂದರೆ ಊರ ಚರ್ಚಿನ, ಪುಸ್ತಕಗಳಲ್ಲಿ ಯಾವ ಊರಿನವರು ಯಾವ ಊರಿಗೆ ಬಂದರು, ಯಾವ ವರ್ಷ ಸಾವು ಹೆಚ್ಚಿತು, ಯಾವ ಕಸುಬಿನವರು ನೆಲೆಸಿದರು ಎಂಬುದೆಲ್ಲ ಇರುತ್ತದೆ. ಅದು ಇಡೀ ಊರಿನ ಇತಿಹಾಸ. ಗೆದ್ದಲು ತಿನ್ನುವ ಮೊದಲು ಅದರ ಪ್ರತಿ ತೆಗೆದಿಡಬೇಕು.

ಹರಿಹರದ ಬಸಿಲಿಕ ಈ ಕೆಲಸಕ್ಕೆ ಮೇಲ್ಪಂಕ್ತಿ ಆಗಬಲ್ಲದು. ಲಕ್ಷಾಂತರ ಜನರ ಪ್ರೀತಿ ಅದಕ್ಕಿದೆ. ದಾವಣಗೆರೆ ಎಂಜಿನಿಯರಿಂಗ್ ಕಾಲೇಜುಗಳ ಊರು; ವಾಸ್ತುಶಿಲ್ಪ ಕಲಿಯುವ ಮಕ್ಕಳು ಟೇಪು, ಕ್ಯಾಮೆರಾ ಹಿಡಿದು ಜಿಲ್ಲೆಯ ಹಳೆಯ ಚರ್ಚುಗಳನ್ನೂ ಮಸೀದಿ, ಮಠಗಳನ್ನೂ ಅಳೆದು ನಕ್ಷೆ ಬರೆದರೆ ಒಂದೆರಡು ಬೇಸಿಗೆ ರಜೆಯಲ್ಲಿ ಮುಗಿಯುವ ಕೆಲಸವದು. ಪ್ರತಿ ಧರ್ಮಕೇಂದ್ರದ ಸಮಿತಿ ಹೊಸ ಕಟ್ಟಡದ ಅಂದಾಜು ಪಟ್ಟಿ ಬರೆಸುವ ಮೊದಲು ಹಳೆಯದರ ಅಳತೆ ಪಟ್ಟಿ ಬರೆಸುವ ನಿಯಮ ಮಾಡಿಕೊಂಡರೆ ಸಾಕು. ಮುಂದೆ ಕಟ್ಟಡ ಉಳಿದರೆ ಆ ನಕ್ಷೆಯಿಂದ ಸರಿಯಾದ ದುರಸ್ತಿ ನಡೆಯುತ್ತದೆ. ಉಳಿಯದಿದ್ದರೂ, ಇಲ್ಲಿ ಕಟ್ಟಿದವರು ಏನು ಬಲ್ಲವರಾಗಿದ್ದರು ಎಂಬ ತಿಳಿವಳಿಕೆ ಊರಿಗೆ ಉಳಿಯುತ್ತದೆ.