ಪೊರೆ ಕಟ್ಟುವ ತಂತಿ

ಹಾಸ್ಟೆಲಿನ ದಿನಗಳಲ್ಲಿ ನನ್ನ ಮಂಚದ ಕೆಳಗೆ ಒಂದು ಕಾಯಿಲ್ ಒಲೆ ಇತ್ತು. ಒಂದು ರಾತ್ರಿ ಉಪ್ಪು ಹಾಕಿದ ಗಂಜಿ ಉಕ್ಕಿ, ಕೆಂಪಗೆ ಕಾದಿದ್ದ ತಂತಿಯ ಮೇಲೆ ಸುರಿಯಿತು. ಚುಂಯ್ ಎಂದು ಹೊಗೆ ಎದ್ದರೂ ಒಲೆ ಆರಲಿಲ್ಲ. ಬಚಾವಾಯಿತು ಅಂದುಕೊಂಡೆ. ನಾಲ್ಕು ದಿನ ಕಳೆದು ತಂತಿ ಅದೇ ಜಾಗದಲ್ಲಿ ತುಂಡಾಯಿತು. ಪ್ಲಗ್ ಕಿತ್ತು, ಎರಡೂ ತುದಿಗಳನ್ನು ಹೆಣೆದು ಗಂಟು ಹಾಕಿದೆ. ಮೂರನೆಯ ದಿನ ಆ ಗಂಟಿನಲ್ಲೇ ಕಿಡಿ ಹಾರಿ ಮತ್ತೆ ಹೋಯಿತು.

ಬೀದಿಯ ತಿರುವಿನ ರಿಪೇರಿ ಅಂಗಡಿಯ ಅಣ್ಣ ನನಗೆ ಹೊಸ ಕಾಯಿಲ್ ಕೊಟ್ಟರು. ಒಂದು ಗೇಣಿನಷ್ಟು ಉದ್ದ, ಪೆನ್ಸಿಲಿಗಿಂತ ಸಪೂರ, ಸುತ್ತಿಗೆ ಸುತ್ತು ಒತ್ತಿಕೊಂಡು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಒಲೆಯ ಬಿಲ್ಲೆಯ ಹಳ್ಳದೊಳಗೆ ದಾರ ಹಾಯಿಸಿ ಅಳತೆ ತೆಗೆದರು. ಆ ದಾರವನ್ನು ನೆಲದ ಮೇಲೆ ನೇರ ಹಾಸಿ, ಎರಡು ಇಕ್ಕಳದಲ್ಲಿ ಕಾಯಿಲಿನ ತುದಿಗಳನ್ನು ಹಿಡಿದು, ಒಂದೇ ಸಮನೆ ಎಳೆದರು. ಎಲ್ಲೂ ಸುತ್ತುಗಳು ಗುಂಪುಗೂಡಲಿಲ್ಲ, ಎಲ್ಲೂ ವಿರಳವಾಗಲಿಲ್ಲ. ಹಳೆಯ ತುಂಡು ಮುಟ್ಟಿದರೆ ಹುಡಿಯಾಗುತ್ತಿತ್ತು, ಹಳ್ಳದ ತುಂಬ ಬೂದು ಹಸಿರು ಬಣ್ಣದ ಪುಡಿ. ನಾನು ಬಾಗಿ ಊದಲು ಹೋದೆ. “ಊದಬೇಡಪ್ಪಾ, ಮೂಗಿಗೆ ಹೋಗ್ತದೆ” ಎಂದು ತಡೆದು, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದರು. ಕೊನೆಗೆ ಒಲೆ ಕೈಗಿಡುತ್ತ ಹೇಳಿದರು: “ಪಾತ್ರೆ ಇಡಬೇಡ. ಮೊದಲು ಬರೀ ಒಲೆ ಹಚ್ಚು, ಒಂದರ್ಧ ಗಂಟೆ ಉರೀಲಿ. ನಿಮ್ಮಮ್ಮ ಕಾವಲಿ ಪಳಗಿಸಲ್ವಾ, ಹಾಗೆ.”

ದೋಸೆ ಕಾವಲಿ ಪಳಗಿಸುವುದು ಗೊತ್ತು. ತಂತಿಯನ್ನು ಯಾಕೆ ಪಳಗಿಸಬೇಕು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋಗಿ ನಾನು ತಲುಪಿದ್ದು 1905ರ ಶಿಕಾಗೋಗೆ.

ಆ ಕಾಲಕ್ಕೆ ವಿದ್ಯುತ್ ದೀಪ ಮನೆ ಸೇರಿ ಇಪ್ಪತ್ತು ವರ್ಷ ದಾಟಿತ್ತು. ವಿದ್ಯುತ್ ಒಲೆ ಮಾತ್ರ ಸೇರಿರಲಿಲ್ಲ. ಕಾರಣ ಸರಳ. 1879ರಲ್ಲಿ ಎಡಿಸನ್ ಬೆಳಗಿಸಿದ ಇಂಗಾಲದ ಎಳೆ ಗಾಜಿನ ಬುರುಡೆಯೊಳಗೆ, ಗಾಳಿ ತೆಗೆದ ಜಾಗದಲ್ಲಿ ಕುಳಿತಿತ್ತು. ಗಾಳಿ ತಗುಲದಿದ್ದರೆ ಎಳೆ ಸುಡುವುದಿಲ್ಲ. ಒಲೆಯ ತಂತಿಗೆ ಆ ಭಾಗ್ಯವಿಲ್ಲ, ಅದು ಬಯಲು ಗಾಳಿಯಲ್ಲೇ ಕೆಂಪಾಗಬೇಕು. ಕಬ್ಬಿಣದ ತಂತಿ ಕೆಂಪಾದರೆ ಚಕ್ಕೆ ಚಕ್ಕೆಯಾಗಿ ತುಕ್ಕು ಉದುರಿಸುತ್ತ ಸಪೂರವಾಗಿ ಕಡಿದುಹೋಗುತ್ತದೆ. ತಾಮ್ರ ವಿದ್ಯುತ್ತನ್ನು ಸಲೀಸಾಗಿ ಬಿಟ್ಟುಕೊಡುತ್ತದೆ, ಕಾಯುವ ಮನಸ್ಸೇ ಅದಕ್ಕಿಲ್ಲ. ಪ್ಲಾಟಿನಂ ಬಾಳುತ್ತದೆ, ಆದರೆ ಆ ಬೆಲೆಗೆ ಯಾರ ಮನೆಯಲ್ಲಿ ಅನ್ನ ಬೇಯಿಸಲಾದೀತು? ವಿದ್ಯುತ್ತು ಕೈಯಲ್ಲಿತ್ತು, ಅದನ್ನು ಬಿಸಿಯಾಗಿಸುವ ತಂತಿ ಇರಲಿಲ್ಲ.

ಆಲ್ಬರ್ಟ್ ಮಾರ್ಷ್ ಹುಟ್ಟಿದ್ದು 1877ರಲ್ಲಿ, ಇಲಿನಾಯ್ ರಾಜ್ಯದ ಪಾಂಟಿಯಾಕ್ ಎಂಬ ಊರಿನಲ್ಲಿ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಓದಿದ ಲೋಹದ ಹುಚ್ಚಿನ ತರುಣ. ಅವನ ಮನಸ್ಸಿನಲ್ಲಿದ್ದದ್ದು ಒಲೆಯಲ್ಲ, ಕುಲುಮೆಯ ಶಾಖ ಅಳೆಯುವ ಥರ್ಮೋಕಪಲ್. ಎರಡು ಬೇರೆ ಬೇರೆ ಲೋಹದ ತಂತಿಗಳ ತುದಿ ಕೂಡಿಸಿ ಆ ಕೂಡು ಜಾಗವನ್ನು ಕಾಯಿಸಿದರೆ ಚೂರು ವಿದ್ಯುತ್ ಒತ್ತಡ ಹುಟ್ಟುತ್ತದೆ, ಅದನ್ನು ಅಳೆದು ಶಾಖವೆಷ್ಟೆಂದು ಹೇಳಬಹುದು. ಇದಕ್ಕೆ ತಕ್ಕ ಲೋಹ ಹುಡುಕುತ್ತ ಅವನು ಶಿಕಾಗೋದ ರಸಾಯನತಜ್ಞ ವಿಲಿಯಂ ಹಾಸ್ಕಿನ್ಸ್‌ರ ಪ್ರಯೋಗಾಲಯ ಸೇರಿದ. ಹಾಸ್ಕಿನ್ಸ್‌ರ ಕೈ ಹತ್ತು ಕಡೆ ಆಡುತ್ತಿತ್ತು. ಬಿಲಿಯರ್ಡ್ಸ್ ಆಟಗಾರರು ಕೋಲಿನ ತುದಿಗೆ ಉಜ್ಜುವ ಸೀಮೆಸುಣ್ಣಕ್ಕೆ 1897ರಲ್ಲಿ ಪೇಟೆಂಟ್ ಪಡೆದ ಇಬ್ಬರಲ್ಲಿ ಅವರೊಬ್ಬರು. ವಿದ್ಯುತ್ ಕುಲುಮೆಗೆ ಬಾಳುವ ತಂತಿ ಬೇಕೆಂಬ ಹಂಬಲ ಅವರಿಗಿತ್ತು. ಹುಡುಗನ ಹುಡುಕಾಟವೂ ಹಿರಿಯರ ಹಂಬಲವೂ ಅಲ್ಲಿ ಒಂದೇ ಮೇಜಿನ ಮೇಲೆ ಸೇರಿದವು.

ಇನ್ನೊಂದು ಅನುಕೂಲ ಆಗಷ್ಟೇ ಒದಗಿತ್ತು. ಅಲ್ಲಿಯವರೆಗೆ ಸಿಗುತ್ತಿದ್ದ ಕ್ರೋಮಿಯಂನಲ್ಲಿ ಇಂಗಾಲ ಸೇರಿಕೊಂಡಿರುತ್ತಿತ್ತು. ಅಂಥದ್ದನ್ನು ಬೆರೆಸಿದರೆ ಲೋಹ ಗಡಸಾಗಿ ಸಿಡಿಯುತ್ತದೆ, ತಂತಿಯಾಗಿ ಎಳೆಯಲು ಬಗ್ಗುವುದಿಲ್ಲ. ಜರ್ಮನಿಯ ಹಾನ್ಸ್ ಗೋಲ್ಡ್‌ಸ್ಮಿಟ್ 1890ರ ದಶಕದಲ್ಲಿ ಅಲ್ಯೂಮಿನಿಯಂ ಪುಡಿಯನ್ನು ಉರಿಸಿ ಇಂಗಾಲವಿಲ್ಲದ ಕ್ರೋಮಿಯಂ ತೆಗೆಯುವ ದಾರಿ ತೋರಿಸಿದ್ದ. ಚೊಕ್ಕ ಕ್ರೋಮಿಯಂ ಕೈಗೆ ಸಿಗುವಂತಾದದ್ದರಿಂದಲೇ ನಿಕ್ಕಲ್ಲಿನ ಜೊತೆ ಅದನ್ನು ಕರಗಿಸಿ ತಂತಿ ಎಳೆಯುವ ಮಾತು ಬಂತು.

ಮಾರ್ಷ್ ಒಂದೊಂದೇ ಬೆರಕೆ ಮಾಡಿ ನೋಡಿದ. ನೂರರಲ್ಲಿ ಸುಮಾರು 80 ಪಾಲು ನಿಕ್ಕಲ್, 20 ಪಾಲು ಕ್ರೋಮಿಯಂ ಇದ್ದಾಗ ಬಂದ ತಂತಿ ಕೆಂಪಾಯಿತು, ಕಿತ್ತಳೆ ಬಣ್ಣಕ್ಕೆ ತಿರುಗಿತು, ಆರಿತು, ಮತ್ತೆ ಕೆಂಪಾಯಿತು. ಸವೆಯಲಿಲ್ಲ. ತಾಮ್ರಕ್ಕಿಂತ ಅರವತ್ತು ಪಟ್ಟಿಗೂ ಹೆಚ್ಚು ವಿದ್ಯುತ್ ತಡೆ, ಕರಗಲು ಸುಮಾರು 1400 ಡಿಗ್ರಿ ಸೆಲ್ಸಿಯಸ್ ಬೇಕು. 1906ರ ಫೆಬ್ರವರಿ 6ರಂದು ಅವನಿಗೆ ಪೇಟೆಂಟ್ ಸಿಕ್ಕಿತು. ಕ್ರೋಮೆಲ್ ಎಂದು ಹೆಸರಿಟ್ಟರು, ನಾವು ನೈಕ್ರೋಮ್ ಎನ್ನುವುದು ಇದೇ ಜಾತಿಯ ತಂತಿಯನ್ನು. ಮುಂದೆ ಜನರಲ್ ಎಲೆಕ್ಟ್ರಿಕ್ ಕಂಪನಿಯ ಜೊತೆ ನ್ಯಾಯಾಲಯದಲ್ಲಿ ಸೆಣಸಬೇಕಾಯಿತು, ತೀರ್ಪು ಮಾರ್ಷ್‌ನ ಪೇಟೆಂಟಿನ ಪರವಾಗಿಯೇ ಬಂತು. ಅವನು ಹುಡುಕಿಕೊಂಡು ಬಂದಿದ್ದ ಥರ್ಮೋಕಪಲ್ ಕೂಡ ಕೈಗೂಡಿತು. ಇಂದಿಗೂ ಕಾರ್ಖಾನೆಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಕ್ರೋಮೆಲ್–ಅಲ್ಯೂಮೆಲ್ ಜೋಡಿ ಅದೇ ಮನೆಯ ಕೂಸು.

ಈ ತಂತಿಗೆ ತುಕ್ಕು ಹಿಡಿಯುವುದಿಲ್ಲ ಎಂದು ಬಹಳ ದಿನ ನಂಬಿದ್ದೆ. ಹಿಡಿಯುತ್ತದೆ. ಕೆಂಪಾದ ಮೊದಲ ನಿಮಿಷಗಳಲ್ಲೇ ತಂತಿಯ ಮೈಮೇಲಿನ ಕ್ರೋಮಿಯಂ ಗಾಳಿಯ ಆಮ್ಲಜನಕ ಹೀರಿ ಪೊರೆ ಕಟ್ಟುತ್ತದೆ. ಅಂಗಡಿಯಲ್ಲಿ ಬೆಳ್ಳಿಯಂತಿದ್ದ ಕಾಯಿಲ್ ಮೊದಲ ಸಲ ಆರಿದಾಗ ಕಪ್ಪು ಹಸಿರಿಗೆ ತಿರುಗಿರುವುದು ಇದರಿಂದಲೇ. ಕಬ್ಬಿಣದ ತುಕ್ಕು ಉದುರಿ ಒಳಗಿನ ಲೋಹವನ್ನು ಬೆತ್ತಲೆ ಮಾಡಿದರೆ, ಈ ಪೊರೆ ಗಟ್ಟಿಯಾಗಿ ಅಂಟಿಕೊಂಡು ಗಾಳಿಗೆ ಬಾಗಿಲು ಹಾಕುತ್ತದೆ. ಕೂದಲಿನ ದಪ್ಪದ ಹತ್ತರಲ್ಲೊಂದು ಪಾಲೂ ಇಲ್ಲದ ಈ ಹೊದಿಕೆಯ ಮರೆಯಲ್ಲಿ ಇಡೀ ಒಲೆ ಬದುಕಿದೆ. 1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರೇರ್ಲಿ ತಯಾರಿಸಿದ ಸ್ಟೇನ್‌ಲೆಸ್ ಸ್ಟೀಲನ್ನು ಕಾಯುವುದೂ ಕ್ರೋಮಿಯಂ ಪೊರೆಯೇ. ನಮ್ಮ ಲೋಟ ತಟ್ಟೆಗಳ ಹೊಳಪು, ಕಾಯಿಲಿನ ಬಾಳಿಕೆ ಒಂದೇ ಬೇರಿನವು.

ಅಣ್ಣನ ಮಾತುಗಳು ಆಗ ಒಂದೊಂದಾಗಿ ಬಿಚ್ಚಿಕೊಂಡವು. ಮೊದಲು ಬರೀ ಒಲೆ ಉರಿಸು ಎಂದದ್ದು ಪೊರೆ ಚೊಕ್ಕವಾಗಿ ಕಟ್ಟಲಿ ಎಂದು, ಎಣ್ಣೆ ಉಪ್ಪು ತಗುಲುವ ಮೊದಲೇ. ಗಂಜಿಯಲ್ಲಿದ್ದ ಉಪ್ಪಿನ ಕ್ಲೋರಿನ್ ಬಿಸಿಯಲ್ಲಿ ಈ ಪೊರೆಯನ್ನು ಕೊರೆಯುತ್ತದೆ, ನನ್ನ ತಂತಿ ಅದೇ ಜಾಗದಲ್ಲಿ ಕಡಿದದ್ದು ಅದಕ್ಕೆ. ಗಂಟು ನಿಲ್ಲಲಿಲ್ಲ ಯಾಕೆ? ಪೊರೆ ವಿದ್ಯುತ್ತನ್ನು ಬಿಡುವುದಿಲ್ಲ. ಪೊರೆ ಹೊದ್ದ ಎರಡು ತುದಿಗಳನ್ನು ಎಷ್ಟು ಬಿಗಿದು ಹೆಣೆದರೂ ಲೋಹಕ್ಕೆ ಲೋಹ ಸರಿಯಾಗಿ ತಾಗುವುದಿಲ್ಲ. ತಂತಿಯನ್ನು ಉಳಿಸುವ ಗುಣವೇ ಬೆಸುಗೆಯನ್ನು ಕೆಡಿಸುತ್ತದೆ. ಕಡಿದ ಭಾಗ ಬಿಸಾಡಿ ಉಳಿದದ್ದನ್ನೇ ಎಳೆದು ಹಾಕಿದರೆ ಇನ್ನೂ ಕಷ್ಟ. 230 ವೋಲ್ಟಿನಲ್ಲಿ 1000 ವ್ಯಾಟಿನ ಕಾಯಿಲಿಗೆ ಸುಮಾರು 53 ಓಮ್ ತಡೆ ಇರುತ್ತದೆ. ಅದರಲ್ಲಿ ಹತ್ತನೆಯ ಒಂದು ಪಾಲು ಕತ್ತರಿಸಿದರೆ ಒಲೆ 1100 ವ್ಯಾಟ್ ದಾಟುತ್ತದೆ, ಉಳಿದ ತಂತಿಯ ಪ್ರತಿ ಅಂಗುಲದ ಮೇಲೂ ಕಾಲು ಪಾಲಿನಷ್ಟು ಹೆಚ್ಚು ಹೊರೆ ಬೀಳುತ್ತದೆ.

ಪೊರೆಗೂ ಆಯುಸ್ಸಿದೆ. ಕಾದಾಗ ಲೋಹ ಹಿಗ್ಗಿದಷ್ಟು ಪೊರೆ ಹಿಗ್ಗುವುದಿಲ್ಲ, ಆರಿದಾಗ ಲೋಹ ಕುಗ್ಗಿದಷ್ಟು ಅದು ಕುಗ್ಗುವುದಿಲ್ಲ. ಬಿರುಕು ಬಿಡುತ್ತದೆ. ಒಳಗಿನ ಕ್ರೋಮಿಯಂ ಮೇಲೆ ಬಂದು ಬಿರುಕು ಮುಚ್ಚುತ್ತದೆ, ಪ್ರತಿ ಸಲವೂ ಒಳಗಿನ ದಾಸ್ತಾನು ಸ್ವಲ್ಪ ಕರಗುತ್ತದೆ. ಒಂದೇ ಸಮ ಉರಿಯುವ ತಂತಿಗಿಂತ ಹೊತ್ತಿ ಆರಿ ಹೊತ್ತಿ ಆರುವ ತಂತಿ ಬೇಗ ಸಾಯುವುದು ಇದಕ್ಕೇ. ತಯಾರಕರು ತಂತಿಯ ಬಾಳಿಕೆ ಪರೀಕ್ಷಿಸುವ ಕ್ರಮವೂ ಇದೇ: ಎರಡು ನಿಮಿಷ ಹೊತ್ತಿಸು, ಎರಡು ನಿಮಿಷ ಆರಿಸು, ಕಡಿಯುವವರೆಗೆ.

ಸ್ವೀಡನ್ನಿನ ಹಾಲ್‌ಸ್ಟಾಹಮ್ಮಾರ್ ಊರಿನಲ್ಲಿ ಹಾನ್ಸ್ ಫಾನ್ ಕಾಂಟ್ಸೋವ್ 1920ರ ದಶಕದಲ್ಲಿ ದುಬಾರಿ ನಿಕ್ಕಲ್ಲನ್ನೇ ಬಿಟ್ಟು, ಕಬ್ಬಿಣ ಕ್ರೋಮಿಯಂಗಳಿಗೆ ಅಲ್ಯೂಮಿನಿಯಂ ಬೆರೆಸಿದ ತಂತಿ ಮಾಡಿದ. ಅದರ ಪೊರೆ ಅಲ್ಯೂಮಿನಿಯಂ ಆಕ್ಸೈಡಿನದು, ಇನ್ನೂ ಹೆಚ್ಚು ಶಾಖ ತಡೆಯುತ್ತದೆ. ಅವನ ಹೆಸರನ್ನೂ ಊರಿನ ಹೆಸರನ್ನೂ ಕೂಡಿಸಿ ಕಾಂಥಾಲ್ ಎಂದರು. ಅದಕ್ಕೊಂದು ಸ್ವಭಾವವಿದೆ: ಒಮ್ಮೆ ಚೆನ್ನಾಗಿ ಕೆಂಪಾದ ಮೇಲೆ ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ. ಆಕಾರ ಕೊಡುವುದೇನಿದ್ದರೂ ಮೊದಲೇ ಕೊಡಬೇಕು.

ಈ ಕಾಂಥಾಲ್, ಈ ನೈಕ್ರೋಮ್ ಈಗ ಒಲೆಗಿಂತ ಚಿಕ್ಕ ಜಾಗಕ್ಕೆ ಬಂದಿವೆ. ಬಿಸಿ ಗಾಳಿ ಸೇದುವ ಸಿಗರೇಟಿಗೆ ಅಮೆರಿಕದ ಹರ್ಬರ್ಟ್ ಗಿಲ್ಬರ್ಟ್ 1965ರಲ್ಲೇ ಪೇಟೆಂಟ್ ಪಡೆದಿದ್ದ. ಇ–ಸಿಗರೇಟನ್ನು ಮಾರುಕಟ್ಟೆಗೆ ತಂದದ್ದು ಚೀನಾದ ಔಷಧತಜ್ಞ ಹಾನ್ ಲಿಕ್, 2003–04ರ ಸುಮಾರಿಗೆ. ಅವನ ತಂದೆ ತೀರಿಕೊಂಡದ್ದು ಶ್ವಾಸಕೋಶದ ಕ್ಯಾನ್ಸರಿನಿಂದ. ಅವನ ಮೊದಲ ಯಂತ್ರ ಸೇದುವ ದ್ರವವನ್ನು ಶ್ರವಣಾತೀತ ಕಂಪನದಿಂದ ಮಂಜಾಗಿಸುತ್ತಿತ್ತು. ಮುಂದೆ ಆ ಜಾಗವನ್ನು ಹಿಡಿದದ್ದು ಕಾಯಿಲ್.

ವಿದೇಶಗಳಲ್ಲಿ ವೇಪ್ ಎಂದು ಕರೆಯುವ ಈ ಇ–ಸಿಗರೇಟಿನ ಕಾಯಿಲನ್ನು ಕೈಯಾರೆ ಸುತ್ತುವವರ ಕೆಲಸ ನೋಡಿದರೆ ಆ ರಿಪೇರಿ ಅಂಗಡಿಯೇ ಕಣ್ಣಿಗೆ ಬರುತ್ತದೆ. ಎರಡೂವರೆ, ಮೂರು ಮಿಲಿಮೀಟರಿನ ಕಡ್ಡಿಗೆ ಕೆಲವೇ ಸುತ್ತು. ಒಂದು ಓಮ್ ತಡೆಯ ಸುರುಳಿಗೆ 3.7 ವೋಲ್ಟಿನ ಬ್ಯಾಟರಿಯಿಂದ ಸುಮಾರು 14 ವ್ಯಾಟ್. ದ್ರವ ಹೀರುವ ಹತ್ತಿ ತೂರಿಸುವ ಮೊದಲು ಬರಿ ತಂತಿಯನ್ನು ಕ್ಷಣ ಹೊತ್ತಿಸಿ ಬಿಡುತ್ತಾರೆ. ಕೆಲವು ಸುತ್ತು ಮಾತ್ರ ಮೊದಲು ಕೆಂಪಾದರೆ ಪಿಂಗಾಣಿ ಚಿಮುಟದಿಂದ ಮೆಲ್ಲಗೆ ಅಮುಕುತ್ತಾರೆ, ಕೆಂಪು ನಡುವಿನಿಂದ ಎರಡೂ ಕಡೆಗೆ ಸಮನಾಗಿ ಹರಡುವವರೆಗೆ. ಸುತ್ತುಗಳು ಒಂದಕ್ಕೊಂದು ತಾಗಿದ್ದರೂ ವಿದ್ಯುತ್ತು ಅಡ್ಡದಾರಿ ಹಿಡಿಯದಿರುವುದು ನಡುವೆ ಪೊರೆ ಕಟ್ಟಿದ ಮೇಲೆ. ಪಳಗಿಸುವುದೇ ಇದು, ಬೇರೆ ಮಾತು ಬೇಡ. ಬಳಸುತ್ತ ಸಿಹಿ ದ್ರವ ಕರಕಲಾಗಿ ಅಂಟಿದಾಗ ಹತ್ತಿ ತೆಗೆದು ತಂತಿಯನ್ನು ಮತ್ತೆ ಸುಟ್ಟು, ತೊಳೆದು, ಹೊಸ ಹತ್ತಿ ಹಾಕುತ್ತಾರೆ. ಸಿಹಿಗಾಗಿ ಬೆರೆಸುವ ಸುಕ್ರಲೋಸಿನಲ್ಲಿ ಇರುವುದೂ ಕ್ಲೋರಿನ್.

ನೋಡಲು ಇದು ಒಳ್ಳೆಯ ಕಸುಬೇ. ನನಗೆ ಹೆದರಿಕೆಯಾಗುವುದು ಬೇರೆ ಕಡೆ. ಒಲೆಯ ಕಾಯಿಲ್ ದಿನಕ್ಕೆ ನಾಲ್ಕೈದು ಸಲ ಹೊತ್ತಿ ಆರಿದರೆ ವೇಪಿನ ಕಾಯಿಲ್ ನೂರಾರು ಸಲ ಹೊತ್ತಿ ಆರುತ್ತದೆ, ಅದೂ ಒದ್ದೆಯಲ್ಲಿ, ಕೆಲವೇ ಸೆಕೆಂಡುಗಳ ಅಂತರದಲ್ಲಿ. ಪೊರೆಗೆ ಇದಕ್ಕಿಂತ ಕಠಿಣ ಬಾಳು ಇಲ್ಲ. ಬಿರುಕಿನಿಂದ ಬಿಟ್ಟದ್ದು ಒಲೆಯಲ್ಲಾದರೆ ಹಳ್ಳಕ್ಕೆ ಉದುರುತ್ತದೆ. ಇಲ್ಲಿ?

2018ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 56 ಮಂದಿ ಬಳಕೆದಾರರ ಸ್ವಂತ ಯಂತ್ರಗಳನ್ನೇ ಪರೀಕ್ಷಿಸಿದ ವರದಿ ಪ್ರಕಟಿಸಿದರು. ಮೂರು ಕಡೆ ಅಳತೆ ತೆಗೆದಿದ್ದರು: ಬಾಟಲಿಯಲ್ಲಿದ್ದ ದ್ರವ, ಕಾಯಿಲಿನ ಜೊತೆ ತೊಟ್ಟಿಯಲ್ಲಿ ಕೂತಿದ್ದ ದ್ರವ, ಹೊರಬಂದ ಮಂಜು. ಬಾಟಲಿಯ ದ್ರವದಲ್ಲಿ ಲೋಹ ಅತ್ಯಲ್ಪ. ಕಾಯಿಲಿನ ಸಂಗ ಮಾಡಿದ ದ್ರವದಲ್ಲಿ, ಮಂಜಿನಲ್ಲಿ ಕ್ರೋಮಿಯಂ, ನಿಕ್ಕಲ್, ಸೀಸ ಎಷ್ಟೋ ಹೆಚ್ಚು. ಕ್ರೋಮಿಯಂ ಮತ್ತು ನಿಕ್ಕಲ್, ಮಾರ್ಷ್ ಶಿಕಾಗೋದಲ್ಲಿ ಕರಗಿಸಿದ ಅವೇ ಎರಡು. ನಮ್ಮಲ್ಲಿ ಕರ್ನಾಟಕ ಸರ್ಕಾರ 2016ರಲ್ಲಿ, ಇಡೀ ದೇಶ 2019ರಲ್ಲಿ ಇ–ಸಿಗರೇಟು ಮಾರಾಟ ನಿಷೇಧಿಸಿತು. ನನಗೆ ಆ ನಿಷೇಧ ಸರಿಯೆನಿಸುವುದು ಈ ಮೂರು ಅಳತೆಗಳನ್ನು ಓದಿದ ಮೇಲೆ.

ನಮ್ಮ ಮನೆಯ ಗೀಸರು, ಇಸ್ತ್ರಿ ಪೆಟ್ಟಿಗೆ, ಹಳೆಯ ಒಲೆ ಎಲ್ಲದರಲ್ಲೂ ಮಾರ್ಷ್‌ನ ತಂತಿಯ ಮಕ್ಕಳು ಮೊಮ್ಮಕ್ಕಳು ಇವೆ. ಮೊನ್ನೆ ಒಲೆಯ ಕಾಯಿಲ್ ಮತ್ತೆ ಕಡಿಯಿತು. ದಾರ ಹಾಯಿಸಿ ಅಳತೆ ತೆಗೆದೆ, ಹೊಸದನ್ನು ಎಳೆದು ಕೂರಿಸಿದೆ. ಹಳ್ಳದಲ್ಲಿ ಅದೇ ಬೂದು ಹಸಿರು ಪುಡಿ. ಮಗ ಬಾಗಿ ಊದಲು ಬಾಯಿ ತೆರೆದ. ಕೈ ಅಡ್ಡ ಹಿಡಿದು, ಒದ್ದೆ ಬಟ್ಟೆ ತರಲು ಕಳಿಸಿದೆ.