ವೃದ್ಧರ ವಾರ್ಡಿನಲ್ಲಿ ದಾದಿಯರು ಉಳಿಯಬೇಕಾದರೆ...

ಊರಿನಿಂದ ತಂದೆ ತಾಯಿಯನ್ನು ಮುಂಬಯಿ, ಪುಣೆಗೆ ಕರೆತಂದು ನೋಡಿಕೊಳ್ಳುತ್ತಿರುವ ಕನ್ನಡಿಗರ ಮನೆಗಳಲ್ಲಿ ಆಸ್ಪತ್ರೆಯ ಮಾತೆದ್ದರೆ ಮೊದಲು ಕೇಳಿಬರುವುದು ಡಾಕ್ಟರರ ಹೆಸರು. ಆದರೆ ಡಾಕ್ಟರರು ರೌಂಡ್ಸ್ ಮುಗಿಸಿ ಹೋದ ಮೇಲೆ ವೃದ್ಧರ ಜೊತೆ ಹಗಲಿರುಳು ಇರುವವರು ದಾದಿಯರು. ಯಾವ ಭುಜ ನೋಯುತ್ತದೆ, ಯಾವ ಊಟ ಗಂಟಲಲ್ಲಿ ಇಳಿಯುವುದಿಲ್ಲ ಎಂಬುದು ಒಬ್ಬ ಸಿಸ್ಟರಿಗೆ ತಿಳಿಯುವ ಹೊತ್ತಿಗೆ ಅವರು ಕೆಲಸ ಬಿಟ್ಟು ಹೊಸಬರು ಬಂದರೆ, ಹಾಸಿಗೆ ಹಿಡಿದವರ ಪಾಡು ಮತ್ತೆ ಮೊದಲಿನಿಂದ ಆರಂಭ.

ದಾದಿಯರು ಬಿಡುವುದಕ್ಕೆ ಸಂಬಳ ಒಂದು ಕಾರಣವೆಂಬುದು ನಿಜ. ಸುಪ್ರೀಂ ಕೋರ್ಟಿನ ನಿರ್ದೇಶನದಂತೆ 2016ರಲ್ಲಿ ಕೇಂದ್ರ ಸರಕಾರ ನೇಮಿಸಿದ ಸಮಿತಿಯು, 50ಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲೂ ದಾದಿಯರ ತಿಂಗಳ ಸಂಬಳ 20,000 ರೂಪಾಯಿಗೆ ಕಡಿಮೆಯಿರಬಾರದು, 200ಕ್ಕೂ ಹೆಚ್ಚು ಹಾಸಿಗೆಗಳಿದ್ದಲ್ಲಿ ರಾಜ್ಯ ಸರಕಾರಿ ದಾದಿಯರಿಗೆ ಸಮನಾಗಿರಬೇಕು ಎಂದು ಶಿಫಾರಸು ಮಾಡಿತು. ಕೇರಳದಲ್ಲಿ ದಾದಿಯರು ಹೋರಾಡಿದ ಫಲವಾಗಿ 2018ರಲ್ಲಿ ಕನಿಷ್ಠ ವೇತನದ ಅಧಿಸೂಚನೆ ಹೊರಬಿತ್ತು.

ಆದರೆ ಸಂಬಳವೊಂದೇ ಸಾಲದು. ಅಮೆರಿಕದಲ್ಲಿ ದಾದಿಯರ ಕೊರತೆ ತೀವ್ರವಾಗಿದ್ದಾಗಲೂ ಕೆಲವು ಆಸ್ಪತ್ರೆಗಳಿಂದ ಯಾರೂ ಕದಲುತ್ತಿರಲಿಲ್ಲವಂತೆ. ಅಲ್ಲಿನ ದಾದಿಯರ ಅಕಾಡೆಮಿಯು 163 ಆಸ್ಪತ್ರೆಗಳನ್ನು ಪರಿಶೀಲಿಸಿ, ಅಂಥ 41ನ್ನು ಆರಿಸಿ 1983ರಲ್ಲಿ ವರದಿ ಪ್ರಕಟಿಸಿತು. ಅಯಸ್ಕಾಂತದಂತೆ ಹಿಡಿದಿಡುತ್ತವೆಂದು ಅವುಗಳಿಗೆ 'ಮ್ಯಾಗ್ನೆಟ್' ಎಂಬ ಹೆಸರೂ ಬಂತು. ಅಲ್ಲಿ ಸಾಕಷ್ಟು ಸಿಬ್ಬಂದಿಯಿದ್ದರು, ಮೇಲ್ವಿಚಾರಕಿಯರು ದಾದಿಯರ ಮಾತನ್ನು ಕಿವಿಗೆ ಹಾಕಿಕೊಳ್ಳುತ್ತಿದ್ದರು, ಕಲಿಯಲು ಅವಕಾಶವಿತ್ತು.

ವೃದ್ಧರ ವಾರ್ಡಿನಲ್ಲಿ ಇವು ಇನ್ನೂ ಮುಖ್ಯ. ಹೆರಿಗೆ ವಾರ್ಡಿನಲ್ಲಾದರೆ ಮಗುವಿನೊಂದಿಗೆ ತಾಯಿ ನಗುತ್ತಾ ಮನೆಗೆ ಹೋಗುತ್ತಾಳೆ. ಇಲ್ಲಿ ಅನೇಕರು ಪೂರ್ತಿ ಗುಣವಾಗಿ ಹೋಗುವುದಿಲ್ಲ. ಬೆನ್ನುಹುಣ್ಣು ಆಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ತುತ್ತು ತುತ್ತಾಗಿ ಉಣಿಸಬೇಕು, ಮರೆವಿನವರು ಹತ್ತು ಸಲ ಕೇಳಿದ್ದಕ್ಕೆ ಹತ್ತು ಸಲವೂ ಉತ್ತರಿಸಬೇಕು. ಒಬ್ಬರೇ ಎತ್ತಿ ಕೂರಿಸಿದರೆ ಸಿಸ್ಟರಿನ ಸೊಂಟವೇ ಹೋಗುತ್ತದೆ. ನೈಟ್ ಡ್ಯೂಟಿಯಲ್ಲಿ ಜೊತೆಗೊಬ್ಬರು ಇದ್ದಾರೆಯೇ ಎಂಬುದರ ಮೇಲೆ ಅವರು ಉಳಿಯುವುದೂ ಬಿಡುವುದೂ ಎಷ್ಟೋ ನಿಂತಿದೆ.

ಇನ್ನು ಮನೆಯವರ ನಡವಳಿಕೆ. ಸಿಸ್ಟರನ್ನು ಆಯಾಳಂತೆ ಗದರಿಸುವವರಿಗೆ ನಮ್ಮಲ್ಲೂ ಕೊರತೆಯಿಲ್ಲ. (ಆಯಾಳನ್ನಾದರೂ ಏಕೆ ಗದರಿಸಬೇಕು?) ಸಂಘಗಳ ವಾರ್ಷಿಕೋತ್ಸವದಲ್ಲಿ ಡಾಕ್ಟರರಿಗೆ ಶಾಲು ಹೊದಿಸುವುದುಂಟು, ದಾದಿಯರ ಸರದಿ ಬರುವುದು ಅಪರೂಪ.

ಪರವೂರಿನ ಕನ್ನಡಿಗರಿಗೆ ಭಾಷೆಯ ತೊಡಕೂ ಇದೆ. ಮರೆವಿನ ಕಾಯಿಲೆ ಬಲಿತಾಗ ಬಹಳ ಮಂದಿ ನಂತರ ಕಲಿತ ಹಿಂದಿ, ಮರಾಠಿಯನ್ನು ಬಿಟ್ಟು ತಾಯ್ನುಡಿಗೆ ಮರಳುತ್ತಾರೆ. ಅಜ್ಜ ತುಳುವಿನಲ್ಲಿ ನೀರು ಕೇಳಿದರೆ ಮಲಯಾಳಿ ಸಿಸ್ಟರಿಗೆ ತಿಳಿಯುವುದಾದರೂ ಹೇಗೆ? ನೀರು, ನೋವು, ಚಳಿ, ಹಸಿವು, ಶೌಚಾಲಯ ಮುಂತಾದ ಹತ್ತು ಮಾತುಗಳನ್ನು ಅವರು ಓದಬಲ್ಲ ಲಿಪಿಯಲ್ಲಿ, ಅರ್ಥಸಹಿತ ಬರೆದು ಹಾಸಿಗೆಯ ಬಳಿ ಅಂಟಿಸಿಡುವುದಕ್ಕೆ ಮನೆಯವರಿಗೆ ಐದು ನಿಮಿಷ ಸಾಕು.