ಮುರಿದ ಹಲ್ಲುಚಕ್ರಕ್ಕೆ ಬದಲಿ ಯಾವುದು?

ಬೆಲೆಬಾಳುವ ಮೋಟಾರು ಕಾರೊಂದು ಸಾವಿರಾರು ಬಿಡಿಭಾಗಗಳ ಸಂಸಾರ. ಅದರ ಉಕ್ಕಿನ ಭಾಗಗಳು ನಾಲ್ಕು ದಶಕಗಳು ಕಳೆದರೂ ಗಟ್ಟಿಯಾಗಿ ಉಳಿದಿರಬಹುದು. ಆದರೆ ಬೆರಳಿನ ಉಗುರಿನಷ್ಟೂ ಅಗಲವಿಲ್ಲದ ಪ್ಲಾಸ್ಟಿಕ್ ಹಲ್ಲುಚಕ್ರವೊಂದು ಸದ್ದಿಲ್ಲದೆ ಬಿರಿದು, ಇಡೀ ಕಾರಿನ ಲೆಕ್ಕವನ್ನೇ ತಪ್ಪಿಸಿಬಿಡುತ್ತದೆ. ಜರ್ಮನಿಯ ಹಳೆಯ ಪೋರ್ಷೆ 911 ಕಾರುಗಳಿಗೂ, 1982ರಲ್ಲಿ ಹೊರಬಂದ ಬಿ.ಎಂ.ಡಬ್ಲ್ಯು. ‘ಇ-30’ ಮಾದರಿಯ ಕಾರುಗಳಿಗೂ ಇದು ಚಿರಪರಿಚಿತವಾದ ಕಾಯಿಲೆ. ವೇಗವನ್ನು ತೋರಿಸುವ ಮುಳ್ಳು ಎಂದಿನಂತೆ ಆಡುತ್ತಿರುತ್ತದೆ. ಓಡಿದ ದೂರವನ್ನು ತಿಳಿಸುವ ಅಂಕೆಗಳು ಮಾತ್ರ ನಿಂತಲ್ಲಿಯೇ ನಿಂತಿರುತ್ತವೆ.

ಈ ಪುಟ್ಟ ಚಕ್ರದ ಕೆಲಸವೇನು? ಕಾರಿನ ಗಾಲಿಯ ಸುತ್ತಳತೆ 2 ಮೀಟರು ಎಂದಿಟ್ಟುಕೊಳ್ಳೋಣ. ಒಂದು ಕಿಲೋಮೀಟರು ಸಾಗಲು ಅದು 500 ಸುತ್ತು ತಿರುಗಬೇಕು. ದೂರಮಾಪಕದಲ್ಲಿ ಕಿಲೋಮೀಟರಿನ ಬಿಡಿ ಸ್ಥಾನವನ್ನು ತೋರಿಸುವ ಉರುಳೆಯಾದರೋ 10 ಕಿಲೋಮೀಟರಿಗೆ ಒಂದೇ ಸುತ್ತನ್ನು ಮುಗಿಸುತ್ತದೆ. ಅಂದರೆ ಗಾಲಿಯ 5,000 ಸುತ್ತುಗಳು ಉರುಳೆಯ ಒಂದು ಸುತ್ತಿಗೆ ಸಮನಾಗಬೇಕು. ಈ ಲೆಕ್ಕವನ್ನು ಹಂತಹಂತವಾಗಿ ಇಳಿಸಿಕೊಡುವುದೇ ಹಲ್ಲುಚಕ್ರಗಳ ಕೆಲಸ. ಸರಪಳಿಯ ಒಂದು ಕೊಂಡಿ ಕಳಚಿದರೂ ಸರಪಳಿ ಕಡಿದಂತೆಯೇ. ಇಲ್ಲಿ ಒಂದು ಚಕ್ರ ಒಡೆದರೂ ಎಣಿಕೆ ನಿಂತುಹೋಗುತ್ತದೆ.

ಇಂಥ ಮುಖ್ಯ ಕೆಲಸಕ್ಕೆ ಪ್ಲಾಸ್ಟಿಕ್ಕನ್ನು ಆರಿಸಿದುದೇಕೆ ಎಂಬ ಪ್ರಶ್ನೆ ಸಹಜವಾದುದು. ಅಮೆರಿಕದ ಡ್ಯುಪಾಂಟ್ ಕಂಪೆನಿಯ ಪ್ರಯೋಗಶಾಲೆಯಲ್ಲಿ ವ್ಯಾಲೆಸ್ ಕರೋದರ್ಸ್ ಎಂಬ ರಸಾಯನ ವಿಜ್ಞಾನಿಯ ತಂಡ 1935ರಲ್ಲಿ ನೈಲಾನನ್ನು ನಿರ್ಮಿಸಿತು. ಅದೇ ಕಂಪೆನಿಯ ‘ಡೆಲ್ರಿನ್’ ಎಂಬ ಅಸಿಟಾಲ್ ಪ್ಲಾಸ್ಟಿಕ್ 1960ರಲ್ಲಿ ಮಾರುಕಟ್ಟೆಗೆ ಬಂದಿತು. ಇವುಗಳಿಂದ ಮಾಡಿದ ಹಲ್ಲುಚಕ್ರಗಳು ಹಗುರ. ಅವು ಸದ್ದು ಮಾಡುವುದಿಲ್ಲ. ಎಣ್ಣೆಯ ಹಂಗು ಅವಕ್ಕೆ ಕಡಿಮೆ. ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಒತ್ತಿ ಅಲ್ಪ ವೆಚ್ಚದಲ್ಲಿ ಸಾವಿರಾರು ಚಕ್ರಗಳನ್ನು ತೆಗೆಯಬಹುದು. ಹಾಗಾಗಿ ಈ ಆಯ್ಕೆಯನ್ನು ಕೇವಲ ಜಿಪುಣತನವೆಂದು ಹಳಿಯುವಂತಿಲ್ಲ.

ಆದರೆ ಪ್ಲಾಸ್ಟಿಕ್ಕಿಗೂ ಮುಪ್ಪುಂಟು. ಉದ್ದವಾದ ಸರಪಳಿಯಂತಿರುವ ಅದರ ಅಣುಗಳನ್ನು ಬಿಸಿಯೂ ಗಾಳಿಯ ಆಮ್ಲಜನಕವೂ ಕೂಡಿ ಕತ್ತರಿಸುತ್ತ ಬರುತ್ತವೆ. ನೈಲಾನಿನ ಮಟ್ಟಿಗೆ ಬಿಸಿಯೊಡನೆ ಸೇರಿದ ತೇವವೂ ಅದೇ ಕೆಲಸ ಮಾಡುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನ ಮುಂಬದಿಯ ಹಲಗೆಯೊಳಗೆ ಸೆಕೆ ಎಷ್ಟೆಂಬುದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಲೋಹದ ಕಡ್ಡಿಗೆ ಬಿಗಿಯಾಗಿ ತೊಡಿಸಿದ ಚಕ್ರವಾದರೆ ಹಗಲಿರುಳೂ ಎಳೆತಕ್ಕೆ ಒಳಗಾಗಿರುತ್ತದೆ. ಕೊನೆಗೊಂದು ದಿನ ಅದು ಬಿರಿಯುತ್ತದೆ. ಮುಪ್ಪಾದ ಈ ಹಲ್ಲುಗಳ ಮೇಲೆ, ಕಾರು ಓಡುತ್ತಿರುವಾಗಲೇ ಪ್ರಯಾಣದ ಅಂಕೆಗಳನ್ನು ಸೊನ್ನೆಗೆ ತರುವ ಗುಂಡಿಯನ್ನು ಒತ್ತಿದರೆ, ಮುರಿಯಲು ಅಷ್ಟೇ ಸಾಕು.

ಇನ್ನು ಬದಲಿ ಚಕ್ರವನ್ನು ಹುಡುಕುವ ಬಗೆ. ಕಾರ್ಖಾನೆಗಳು ಸಾಮಾನ್ಯವಾಗಿ ಇಡೀ ಮಾಪಕವನ್ನು ಮಾರುತ್ತವೆಯೇ ಹೊರತು ಅದರೊಳಗಿನ ಒಂದು ಚಕ್ರವನ್ನಲ್ಲ. ಹಳೆಯ ಕಾರನ್ನು ಬಿಚ್ಚಿ ತೆಗೆದ ಚಕ್ರವೂ ಒಡೆದುದರಷ್ಟೇ ವಯಸ್ಸಾದುದು. ಪೆಟ್ಟಿಗೆಯಲ್ಲಿ ಮುಚ್ಚಿಟ್ಟು ಒಮ್ಮೆಯೂ ಬಳಸದ ಚಕ್ರವನ್ನು ಕೂಡ ಕಣ್ಣುಮುಚ್ಚಿ ನಂಬುವಂತಿಲ್ಲ, ಏಕೆಂದರೆ ಅಣುಗಳ ಮುಪ್ಪು ಕಾರು ಓಡಲಿ ಎಂದು ಕಾಯುವುದಿಲ್ಲ. ಆದುದರಿಂದ ಬಹುಮಟ್ಟಿಗೆ ಹೊಸದನ್ನೇ ಮಾಡಿಸಬೇಕಾಗುತ್ತದೆ, ಮಾಡಿಸಬೇಕಾದರೆ ಅಳೆಯಬೇಕಾಗುತ್ತದೆ.

ಅಳತೆಯ ಸೂತ್ರ ಬಲು ಸರಳ. ಚಕ್ರದ ಹೊರವ್ಯಾಸವನ್ನು ಹಲ್ಲುಗಳ ಸಂಖ್ಯೆಗೆ 2 ಕೂಡಿಸಿ ಬಂದುದರಿಂದ ಭಾಗಿಸಿದರೆ ‘ಮಾಡ್ಯೂಲ್’ ಎಂಬ ಅಳತೆ ದೊರೆಯುತ್ತದೆ. ಸಾಮಾನ್ಯ ಆಕಾರದ 15 ಹಲ್ಲುಗಳ ಚಕ್ರವೊಂದರ ಹೊರವ್ಯಾಸ 8.5 ಮಿಲಿಮೀಟರಾದರೆ, 8.5ನ್ನು 17ರಿಂದ ಭಾಗಿಸಿದಾಗ ಮಾಡ್ಯೂಲ್ 0.5 ಮಿಲಿಮೀಟರು. ಒಂದಕ್ಕೊಂದು ಕಚ್ಚಿಕೊಳ್ಳುವ ಎರಡು ಚಕ್ರಗಳಿಗೆ ಮಾಡ್ಯೂಲ್ ಒಂದೇ ಆಗಿರಬೇಕು. ಜೊತೆಯ ಚಕ್ರಕ್ಕೆ 25 ಹಲ್ಲುಗಳಿದ್ದರೆ ಅವುಗಳ ನಡುಗಡ್ಡಿಗಳ ಅಂತರ 10 ಮಿಲಿಮೀಟರು ಇರಬೇಕು: 15 ಮತ್ತು 25ರ ಮೊತ್ತವಾದ 40ನ್ನು 0.5ರಿಂದ ಗುಣಿಸಿ ಅರ್ಧ ಮಾಡಿದರೆ ಬರುವುದು ಇಷ್ಟೇ. ಮಾಪಕದಲ್ಲಿಯೂ ಈ ಅಂತರ ಹೀಗೆಯೇ ಇದ್ದರೆ ನಮ್ಮ ಅಳತೆ ಸರಿಯೆಂದು ತಿಳಿಯಬಹುದು.

ಒಂದು ಹಲ್ಲು ಹೆಚ್ಚಾದರೆ ಏನಾದೀತು ಎಂದು ಕೆಲವರು ಕೇಳಬಹುದು. 15 ಹಲ್ಲುಗಳ ಚಾಲಿತ ಚಕ್ರದ ಸ್ಥಾನದಲ್ಲಿ 16 ಹಲ್ಲುಗಳ ಚಕ್ರವನ್ನು ಹೇಗೋ ಕೂಡಿಸಿದೆವೆನ್ನೋಣ. ಆಗ ಕಾರು 1,00,000 ಕಿಲೋಮೀಟರು ಓಡಿದಾಗ ಮಾಪಕ ತೋರಿಸುವುದು 93,750 ಮಾತ್ರ. ಉಳಿದ 6,250 ಕಿಲೋಮೀಟರು ಲೆಕ್ಕದಿಂದಲೇ ಮಾಯ! ಎಂಜಿನ್ನಿನ ಎಣ್ಣೆ ಬದಲಿಸುವ ಕಾಲ ತಪ್ಪುತ್ತದೆ. ಕಾರನ್ನು ಕೊಳ್ಳುವವನು ತಿಳಿಯದೆಯೇ ಮೋಸಹೋಗುತ್ತಾನೆ. ಇದನ್ನು ಮನಗಂಡೇ ಅಮೆರಿಕದಲ್ಲಿ 1972ರ ಕಾನೂನೊಂದು ದೂರಮಾಪಕವನ್ನು ತಿದ್ದುವುದನ್ನು ನಿಷೇಧಿಸಿತು. ದುರಸ್ತಿಯ ಬಳಿಕ ಹಿಂದಿನ ಅಂಕೆಯನ್ನೇ ಉಳಿಸಲು ಸಾಧ್ಯವಾಗದಿದ್ದರೆ ಮಾಪಕವನ್ನು ಸೊನ್ನೆಗೆ ತಂದು, ಹಿಂದಿನ ದೂರವನ್ನೂ ದುರಸ್ತಿಯ ದಿನಾಂಕವನ್ನೂ ಬರೆದ ಚೀಟಿಯನ್ನು ಎಡಬಾಗಿಲಿನ ಚೌಕಟ್ಟಿಗೆ ಅಂಟಿಸಬೇಕೆಂಬುದು ಅಲ್ಲಿನ ನಿಯಮ.

ಅಳತೆಯಷ್ಟೇ ಮುಖ್ಯವಾದುದು ವಸ್ತುವಿನ ಆಯ್ಕೆ. ‘ಪ್ಲಾಸ್ಟಿಕ್ ಒಡೆಯಿತು, ಲೋಹದ್ದನ್ನೇ ಹಾಕಿಬಿಡೋಣ’ ಎಂಬ ಯೋಚನೆ ಎಲ್ಲ ಕಡೆಗೂ ಸಲ್ಲದು. ಅಮೆರಿಕದ ಕ್ಯಾಡಿಲ್ಯಾಕ್ ಕಾರುಗಳ 1960ರ ದಶಕದ ಕೊನೆಯ ಕಾಲದ ಕೆಲವು ಎಂಜಿನ್ನುಗಳಲ್ಲಿ, ಕವಾಟಗಳನ್ನು ಸಕಾಲಕ್ಕೆ ತೆರೆಯಿಸುವ ಚಕ್ರಕ್ಕೆ ಸದ್ದಡಗಿಸಲೆಂದು ನೈಲಾನ್ ಹಲ್ಲುಗಳನ್ನು ತೊಡಿಸಿದ್ದರು. ವರ್ಷಗಳು ಕಳೆದಂತೆ ಎಂಜಿನ್ನಿನ ಕಾವಿಗೆ ಅವು ಬಿರಿದು ಚೂರಾಗಿ ಎಣ್ಣೆಯ ತೊಟ್ಟಿಗೆ ಬಿದ್ದವು. ಆ ಚೂರುಗಳು ಎಣ್ಣೆಯ ಜಾಲರಿಯನ್ನು ಕಟ್ಟಿದರೆ ಎಂಜಿನ್ನಿಗೇ ಅಪಾಯ. ಅಲ್ಲಿ ಪೂರ್ಣ ಲೋಹದ ಚಕ್ರವೇ ತಕ್ಕ ಪರಿಹಾರವಾಯಿತು.

ದೂರಮಾಪಕದ ಸಂಗತಿ ಬೇರೆ. ಅಲ್ಲಿ ಹೊರೆ ಅತ್ಯಲ್ಪ. ಹಿತ್ತಾಳೆಯ ಚಕ್ರವೊಂದನ್ನು ಕೂಡಿಸಿದರೆ ಅದು ಉಳಿದೀತು. ಅದಕ್ಕೆ ಕಚ್ಚಿಕೊಂಡ ಹಳೆಯ ಪ್ಲಾಸ್ಟಿಕ್ ಹಲ್ಲುಗಳು ಸವೆದಾವು. ಯಂತ್ರ ಎಲ್ಲಿಯಾದರೂ ಸಿಕ್ಕಿಹಾಕಿಕೊಂಡರೆ ಮುರಿಯುವುದು ಮತ್ತೊಂದು ಭಾಗ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗುವುದು ಹೀಗೆಯೇ. ಅಗ್ಗದ ಚಕ್ರ ಮೊದಲು ಮುರಿದು ದುಬಾರಿಯ ಭಾಗವನ್ನು ಕಾಪಾಡುವುದೂ ಒಂದು ಸೇವೆಯೇ. ಇಂಥಲ್ಲಿ ಅಸಿಟಾಲ್ ಪ್ಲಾಸ್ಟಿಕ್ಕಿನ ದಿಂಡಿನಿಂದ ಯಂತ್ರದಲ್ಲಿ ಕೊರೆದು ತೆಗೆದ ಚಕ್ರ ಒಳ್ಳೆಯದು. ನೈಲಾನ್ ಪುಡಿಯನ್ನು ಲೇಸರ್ ಕಿರಣದಿಂದ ಪದರಪದರವಾಗಿ ಬೆಸೆದು ಚಕ್ರವನ್ನು ರೂಪಿಸುವ ವಿಧಾನವೂ ಈಗ ಬಳಕೆಗೆ ಬಂದಿದೆ. ಹಳೆಯ ಕಾರುಗಳ ಅಪರೂಪದ ಕೆಲವು ಭಾಗಗಳನ್ನು ಹೀಗೆ ಪದರಪದರವಾಗಿ ತಯಾರಿಸುತ್ತಿರುವುದಾಗಿ ಪೋರ್ಷೆ ಕಂಪೆನಿ 2018ರಲ್ಲಿ ತಿಳಿಸಿತು. ದೊಡ್ಡ ಅಚ್ಚಿನ ವೆಚ್ಚವಿಲ್ಲದೆ ಒಂದೇ ಒಂದು ಭಾಗವನ್ನೂ ಮಾಡಿಕೊಳ್ಳಬಹುದೆಂಬುದೇ ಇದರ ಲಾಭ.

ಹೀಗೆ, ತಕ್ಕ ಬದಲಿ ಎಂದರೆ ಎಲ್ಲಕ್ಕಿಂತ ಗಟ್ಟಿಯಾದುದು ಎಂದಲ್ಲ; ತನ್ನ ಸ್ಥಾನದ ಹೊರೆಯನ್ನೂ ನೆರೆಯ ಚಕ್ರದ ಸ್ವಭಾವವನ್ನೂ ಅರಿತು ಹೊಂದಿಕೊಳ್ಳುವುದು ಎಂದರ್ಥ. ಇದನ್ನು ಕಲಿಯಲು ದುಬಾರಿಯ ಕಾರು ಬೇಕಾಗಿಲ್ಲ. ಮನೆಯಲ್ಲಿ ಕೆಟ್ಟು ಬಿದ್ದಿರುವ ಆಟಿಕೆಯನ್ನೋ ಹಳೆಯ ಗಡಿಯಾರವನ್ನೋ ಬಿಚ್ಚಿ, ಹಲ್ಲುಗಳನ್ನು ಎಣಿಸಿ, ಅಳತೆಗೋಲಿನಿಂದ ವ್ಯಾಸವನ್ನು ಅಳೆದು, ಒಂದು ಸುತ್ತಿಗೆ ಇನ್ನೊಂದು ಚಕ್ರ ಎಷ್ಟು ಸುತ್ತು ತಿರುಗೀತೆಂದು ಮೊದಲು ಲೆಕ್ಕ ಹಾಕಿ, ಅನಂತರ ತಿರುಗಿಸಿ ನೋಡಿದರೆ ಸಾಕು. ಲೆಕ್ಕವೂ ಚಕ್ರವೂ ಒಂದೇ ಉತ್ತರವನ್ನು ಕೊಟ್ಟಾಗ ಆಗುವ ಸಂತೋಷವನ್ನು ನಮ್ಮ ತರುಣ ವಾಚಕರು ಒಮ್ಮೆ ಅನುಭವಿಸಿ ನೋಡಲಿ.